ಮಾಗಿ ಬಿಸಿಲಲ್ಲಿ ಹಿತ್ತಲ ಹೂವು, ಊರ ಕೆರೆ: ಫೋಟೊ ತೆಗೆಯುವ ಬಗೆ

ಮೊದಲ ಕೆಲಸ ಕ್ಯಾಮೆರಾದ್ದಲ್ಲ, ಅಮ್ಮನ ಹತ್ತಿರ ಮಾತಾಡಿಕೊಳ್ಳುವುದು. ಸಂಜೆ ನೋಡಿಟ್ಟ ದಾಸವಾಳದ ಮೊಗ್ಗು ಬೆಳಗ್ಗೆ ಅರಳಿರುತ್ತದೆ. ಬಿಸಿಲು ಬರಲಿ ಅಂತ ನೀವು ಕಾಫಿ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅದು ದೇವರ ಮನೆಯ ಪಟದ ಮೇಲೆ ಕೂತಿರುತ್ತದೆ. ಅಮ್ಮ ಬಿಟ್ಟರೂ ವಾಕಿಂಗ್ ಬರುವವರು ಬಿಡುವುದಿಲ್ಲ, ಕಾಂಪೌಂಡಿನ ಮೇಲಿಂದ ಕೈ ಹಾಕಿ ಕವರಿಗೆ ತುಂಬಿಕೊಂಡು ಹೋಗುತ್ತಾರೆ. ಹಾಗಾಗಿ ರಾತ್ರಿಯೇ "ಆ ಮೂಲೆ ಗಿಡದ ಎರಡು ಹೂ ಒಂಬತ್ತು ಗಂಟೆ ತನಕ ಬಿಡಮ್ಮ" ಅಂತ ಹೇಳಿಡಿ. ತಮಾಷೆಗೆ ಹೇಳುತ್ತಿಲ್ಲ. ನನ್ನ ಎಷ್ಟೋ ಒಳ್ಳೆಯ ಫೋಟೊಗಳು ಹೀಗೇ ಪೂಜೆಗೆ ಹೋಗಿವೆ.

ನಾನಿರುವುದು ಮೈಸೂರಿನಲ್ಲಿ. ಇಲ್ಲಿ ಬರೆದಿರುವುದೆಲ್ಲ ಮೈಸೂರು, ಮಂಡ್ಯ ಕಡೆಯ ಡಿಸೆಂಬರ್, ಜನವರಿಯ ಲೆಕ್ಕ. ಬೆಂಗಳೂರು, ಹಾಸನ, ಕೋಲಾರದವರಿಗೆ ಐದಾರು ನಿಮಿಷ ಆಚೆ ಈಚೆ ಆಗಬಹುದು, ಅಷ್ಟೇ. ಕ್ಯಾಮೆರಾ ಇಲ್ಲದಿದ್ದರೆ ಮೊಬೈಲ್ ಸಾಕು.

1. ಒಂದು ಭಾನುವಾರ ಬಿಸಿಲಿನ ಲೆಕ್ಕ ಬರೆಯಿರಿ

ಮಾಗಿಯಲ್ಲಿ ಸೂರ್ಯ ನಮ್ಮ ನೆತ್ತಿಗೆ ಬರುವುದೇ ಇಲ್ಲ. ಡಿಸೆಂಬರ್ 22ರ ಸುಮಾರಿಗೆ ಮೈಸೂರಿನಲ್ಲಿ ನಟ್ಟ ನಡುಮಧ್ಯಾಹ್ನವೂ ಅವನು ದಕ್ಷಿಣಕ್ಕೆ ವಾಲಿಕೊಂಡು ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಏಪ್ರಿಲ್ ಕೊನೆಯ ಹೊತ್ತಿಗೆ ಇದೇ ಮಧ್ಯಾಹ್ನದಲ್ಲಿ ನಿಮ್ಮ ನೆರಳು ಕಾಲಡಿಗೇ ಸೇರಿಕೊಂಡುಬಿಡುತ್ತದೆ, ಮಾಗಿಯಲ್ಲಿ ಮಾತ್ರ ಹನ್ನೆರಡು ಗಂಟೆಗೂ ನಿಮ್ಮ ಎತ್ತರದ ಮುಕ್ಕಾಲು ಭಾಗ ಉದ್ದ ಬಿದ್ದಿರುತ್ತದೆ. ಹೂವಿನ ಫೋಟೊಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಅಂತ ನಾನು ಹೇಳುವುದು ಈ ಓರೆ ಬಿಸಿಲಿಗಾಗಿಯೇ.

ಇನ್ನೊಂದು ವಿಷಯ. ಈ ದಿನಗಳಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಜೂನ್‌ನಲ್ಲಿ ಬಿಸಿಲೇ ಕಾಣದ ದಕ್ಷಿಣದ ಬಾಲ್ಕನಿಗೆ, ಆ ಕಡೆಯ ಕಿಟಕಿಗೆ ಮಾಗಿಯಲ್ಲಿ ದಿನವಿಡೀ ಬಿಸಿಲು. ನಿಮ್ಮ ಮನೆಯ ಉತ್ತರದ ಕಡೆ ಇಟ್ಟ ಸೇವಂತಿಗೆ ಕುಂಡಕ್ಕೆ ಬಿಸಿಲು ಬೀಳುತ್ತಿಲ್ಲ ಅಂದರೆ ಕಾರಣ ಇದೇ. ಎತ್ತಿ ದಕ್ಷಿಣದ ಕಡೆ ಇಡಿ. ಕುಂಡದಲ್ಲಿ ಬೆಳೆಸುವುದರ ದೊಡ್ಡ ಅನುಕೂಲವೇ ಇದು ಅಲ್ವಾ, ನೆಲದ ಗಿಡವನ್ನು ಹೀಗೆ ಎತ್ತಿಡಲು ಆಗುವುದಿಲ್ಲ.

ಒಂದು ಭಾನುವಾರ ಗಂಟೆಗೊಮ್ಮೆ ಹಿತ್ತಲಲ್ಲಿ ಸುಮ್ನೆ ಒಂದು ಸುತ್ತು ಹಾಕಿ, ಯಾವ ಗಿಡದ ಮೇಲೆ ಎಷ್ಟು ಹೊತ್ತಿಗೆ ಬಿಸಿಲು ಬಿತ್ತು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಚೀಟಿಯಲ್ಲಿ ಏಳೂಕಾಲಕ್ಕೆ ತುಳಸಿ ಕಟ್ಟೆ, ಎಂಟಕ್ಕೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗುಲಾಬಿ, ಎಂಟೂವರೆಗೆ ಬೇಲಿಯ ಅವರೆ ಬಳ್ಳಿ ಅಂತಿದೆ. ಪಕ್ಕದ ಮನೆಯವರ ಟ್ಯಾಂಕಿನ ನೆರಳು ಒಂಬತ್ತಕ್ಕೆ ಬಂದು ಎಲ್ಲ ಮುಗಿಸುತ್ತದೆ. ಈ ಚೀಟಿ ಎರಡು ವಾರ ಸರಿಯಾಗಿ ನಡೆಯುತ್ತದೆ, ಆಮೇಲೆ ಸ್ವಲ್ಪ ತಿದ್ದಿಕೊಳ್ಳಬೇಕು. ಹೂ ಹುಡುಕಿಕೊಂಡು ಓಡಾಡುವುದಕ್ಕಿಂತ ಬಿಸಿಲು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಹೋಗಿ ಕೂರುವುದು ಒಳ್ಳೆಯದು.

ಹೊತ್ತಿನ ಲೆಕ್ಕ ಹೀಗೆ: ಸೂರ್ಯೋದಯ ಡಿಸೆಂಬರ್ ಶುರುವಿನಲ್ಲಿ 6:30ರ ಸುಮಾರು, ಜನವರಿ ಮಧ್ಯಕ್ಕೆ 6:45ರ ಹತ್ತಿರ. ಡಿಸೆಂಬರ್ 22ರ ಸುಮಾರಿಗೆ ಉತ್ತರಕ್ಕೆ ತಿರುಗಿದ ಮೇಲೂ ಸುಮಾರು ನಾಲ್ಕು ವಾರ ಸೂರ್ಯ ತಡವಾಗಿಯೇ ಏಳುತ್ತಾನೆ, ಸಂಕ್ರಾಂತಿ ಬಂತು ಅಂತ ಬೇಗ ಎದ್ದು ಕೂರಬೇಡಿ. ಗಡಿಯಾರ ಬೇಡ ಅನ್ನುವವರು ನೆರಳು ನೋಡಿ. ನಿಮ್ಮ ನೆರಳು ನಿಮ್ಮ ಎತ್ತರದ ಎರಡರಷ್ಟು ಇರುವವರೆಗೆ ಬೆಳಕು ಒಳ್ಳೆಯದಿದೆ ಅಂತ ಅರ್ಥ. ಡಿಸೆಂಬರ್ ಕೊನೆಯಲ್ಲಿ ಇದು ಬೆಳಗ್ಗೆ ಸುಮಾರು ಎಂಟೂಮುಕ್ಕಾಲರ ತನಕ, ಮತ್ತೆ ಸಂಜೆ ನಾಲ್ಕರಿಂದ ಆರರ ತನಕ.

2. ಯಾವ ಹೂ, ಯಾವಾಗ

ಸೇವಂತಿಗೆ ಮಾಗಿಯ ರಾಣಿ. ಹಗಲು ಗಿಡ್ಡವಾಗುತ್ತಾ ಬಂದಾಗಲೇ ಅದು ಮೊಗ್ಗು ಕಟ್ಟುವುದು. ಅದಕ್ಕೇ ಈ ಹೊತ್ತಿಗೆ ಎಲ್ಲರ ಮನೆಯಲ್ಲೂ ಒಟ್ಟಿಗೇ ಅರಳುತ್ತದೆ. ಒಮ್ಮೆ ಅರಳಿದರೆ ವಾರಗಟ್ಟಲೆ ಇರುತ್ತದೆ, ಆದ್ದರಿಂದ ಕಲಿಯುವವರು ಇದರಿಂದಲೇ ಶುರು ಮಾಡಿ. ಚೆಂಡುಹೂವೂ ಅಷ್ಟೇ, ಅವಸರ ಪಡಿಸುವುದಿಲ್ಲ.

ಅವಸರ ಪಡಿಸುವುದು ಕುಂಬಳದ ಹೂ. ಬೆಳಕು ಹರಿಯುವಾಗ ಅರಳಿ ಬಿಸಿಲೇರುವಷ್ಟರಲ್ಲಿ ಬಾಡಿ ಮುದುಡುತ್ತದೆ. ಧನುರ್ಮಾಸದಲ್ಲಿ ಹಳ್ಳಿಗಳ ಬಾಗಿಲಲ್ಲಿ ರಂಗೋಲಿ ಬಿಟ್ಟು, ಸಗಣಿ ಉಂಡೆಯ ಮೇಲೆ ಕುಂಬಳದ ಹೂ, ಹುಚ್ಚೆಳ್ಳು ಹೂ ಸಿಕ್ಕಿಸುತ್ತಾರಲ್ಲ, ಅದನ್ನು ತೆಗೆಯಬೇಕೆಂದರೆ ಏಳು ಗಂಟೆಗೆ ಅಲ್ಲಿರಬೇಕು. ಎಂಟಕ್ಕೆ ಹೋದರೆ ಬೈಕು ಹತ್ತಿ ರಂಗೋಲಿ ಅಳಿಸಿಹೋಗಿರುತ್ತದೆ. ಪಾರಿಜಾತ ಇನ್ನೂ ಇದ್ದರೆ ಗಿಡದಲ್ಲಿ ಹುಡುಕಬೇಡಿ, ಕೆಳಗೆ ನೋಡಿ. ರಾತ್ರಿ ಅರಳಿ ನಸುಕಿಗೆ ಉದುರಿರುತ್ತದೆ. ಬಿಳಿ ಎಸಳು, ಕೇಸರಿ ತೊಟ್ಟು ಎರಡೂ ಕಾಣುವಂತೆ ಒಂದೆರಡು ಮಗುಚಿ ಬಿದ್ದಿರುವ ಜಾಗ ಆರಿಸಿಕೊಂಡು, ಬಿಸಿಲು ಬೀಳುವ ಮೊದಲೇ ನೇರ ಮೇಲಿನಿಂದ ತೆಗೆಯಿರಿ. ಸಂಜೆಮಲ್ಲಿಗೆಗೆ ಹೆಸರೇ ಹೇಳುತ್ತದೆ, ನಾಲ್ಕರ ಮೇಲೆ.

ಅವರೆ ಹೂವಿಗೆ ಯಾರೂ ಫೋಟೊ ತೆಗೆಯುವುದಿಲ್ಲ ಅನ್ನುವುದು ನನ್ನ ದೂರು. ಎಲ್ಲರಿಗೂ ಸೊಗಡವರೆಯ ಸಾರು ಬೇಕು, ಆ ನೇರಳೆ ಹೂ ಕಣ್ಣಿಗೆ ಬೀಳುವುದಿಲ್ಲ. ಒಂದೇ ಕಡ್ಡಿಯಲ್ಲಿ ಕೆಳಗೆ ಎಳೆಕಾಯಿ, ನಡುವೆ ಹೂ, ತುದಿಯಲ್ಲಿ ಮೊಗ್ಗು. ಇಷ್ಟೆಲ್ಲ ಒಂದೇ ಫ್ರೇಮಿನಲ್ಲಿ ಇನ್ಯಾವ ಗಿಡ ಕೊಡುತ್ತದೆ ಹೇಳಿ.

3. ಸಾಮಾನು ಮನೆಯಲ್ಲೇ ಇದೆ

ಒಂದು ಬಿಳಿ ಥರ್ಮಾಕೋಲ್ ಹಾಳೆ, ಹಳೆಯ ಬಿಳಿ ಪಂಚೆ, ಕಪ್ಪು ಛತ್ರಿ, ಕೂರಲು ಗೋಣಿಚೀಲ. ಟ್ರೈಪಾಡ್ ಇಲ್ಲದವರು ಬಟ್ಟೆ ಚೀಲಕ್ಕೆ ಎರಡು ಸೇರು ರಾಗಿ ತುಂಬಿ ಬಾಯಿ ಹೊಲಿದುಬಿಡಿ. ನೆಲದ ಮೇಲೆ, ಕಲ್ಲಿನ ಮೇಲೆ, ಕಾಂಪೌಂಡಿನ ಮೇಲೆ ಎಲ್ಲಿಟ್ಟರೂ ಮೊಬೈಲು ಅದರ ಮೇಲೆ ಅಲುಗಾಡದೆ ಕೂರುತ್ತದೆ. ಸ್ಟೀಲ್ ತಟ್ಟೆಯಿಂದಲೂ ಬೆಳಕು ತಿರುಗಿಸಬಹುದು, ಆದರೆ ಅದು ಕಣ್ಣು ಕುಕ್ಕುವ ಹಾಗೆ ಒಂದೇ ಕಡೆ ಹೊಳೆಯುತ್ತದೆ. ಥರ್ಮಾಕೋಲ್ ಬೆಳಕು ಮೆತ್ತಗಿರುತ್ತದೆ, ನನಗೆ ಅದೇ ಇಷ್ಟ.

ಎಲ್ಲಕ್ಕಿಂತ ಮೊದಲು ಲೆನ್ಸ್ ಒರೆಸಿ. ಒಂದು ಜನವರಿಯಲ್ಲಿ, ಚಳಿಗೆ ಗಟ್ಟಿಯಾಗಿದ್ದ ಕೊಬ್ಬರಿ ಎಣ್ಣೆಯನ್ನು ಬಿಸಿಲಿಗಿಟ್ಟು ಕರಗಿಸಿ ಕೈಕಾಲಿಗೆ ಹಚ್ಚಿಕೊಂಡು, ಅದೇ ಕೈಯಲ್ಲಿ ಮೊಬೈಲು ಹಿಡಿದು ಎರಡು ಗಂಟೆ ಫೋಟೊ ತೆಗೆದೆ. ಪ್ರತಿಯೊಂದರಲ್ಲೂ ಮಂಜು. ಆಹಾ ಏನು ಮಂಜು ಅಂತ ಖುಷಿಪಟ್ಟೆ ಕೂಡ. ಆಮೇಲೆ ಮನೆಯೊಳಗೆ ತೆಗೆದ ಬೆಕ್ಕಿನ ಫೋಟೊದಲ್ಲೂ ಅದೇ ಮಂಜು ಇದ್ದಾಗ ಗೊತ್ತಾಯಿತು.

4. ಬೆಳಕಿಗೆ ನೀವು ಯಾವ ಕಡೆ ನಿಂತಿದ್ದೀರಿ

ಈ ಭಾಗವನ್ನು ನಿಧಾನವಾಗಿ ಓದಿ, ಮಿಕ್ಕಿದ್ದೆಲ್ಲ ಇದರ ಮೇಲೆಯೇ ನಿಂತಿದೆ. ಒಂದು ಹೂವನ್ನು ಆರಿಸಿಕೊಂಡು ಅದರ ಸುತ್ತ ಪೂರ್ತಿ ಒಂದು ಸುತ್ತು ಬನ್ನಿ, ಮೊಬೈಲಿನಲ್ಲಿ ನೋಡುತ್ತಲೇ. ಸೂರ್ಯ ನಿಮ್ಮ ಬೆನ್ನಿಗಿದ್ದಾಗ ಹೂ ಚಪ್ಪಟೆಯಾಗಿ ಕಾಣುತ್ತದೆ, ಬಣ್ಣ ಮಾತ್ರ ಇರುತ್ತದೆ. ನಿಮ್ಮ ನೆರಳೂ ಅದರ ಮೇಲೆ ಬೀಳುತ್ತದೆ. ಪಕ್ಕದಿಂದ ಬಂದಾಗ ಎಸಳಿನ ಮೇಲೆ ಎಸಳಿನ ನೆರಳು ಬಿದ್ದು ಪದರ ಪದರವಾಗಿ ಎದ್ದು ಬರುತ್ತದೆ. ಸೇವಂತಿಗೆ, ಚೆಂಡುಹೂ, ಡೇಲಿಯಾದಂಥ ಒತ್ತಾದ ಹೂಗಳಿಗೆ ಈ ಪಕ್ಕದ ಬೆಳಕೇ ಬೇಕು.

ಇನ್ನೂ ತಿರುಗಿ ಸೂರ್ಯನಿಗೆ ಎದುರಾಗಿ, ಹೂ ನಡುವೆ ಇರುವಂತೆ ಕೆಳಗೆ ಕೂತು ನೋಡಿ. ದಾಸವಾಳ, ಕುಂಬಳದ ಹೂವಿನಂಥ ತೆಳು ಎಸಳಿನವು ಒಳಗೆ ದೀಪ ಹಚ್ಚಿಟ್ಟ ಹಾಗೆ ಉರಿಯುತ್ತವೆ. ನರನರವೂ ಕಾಣುತ್ತದೆ. ಅವರೆ ಕಡ್ಡಿಯ ಸಣ್ಣ ರೋಮಗಳೂ ಗೆರೆ ಎಳೆದಂತೆ ಹೊಳೆಯುತ್ತವೆ. ಆದರೆ ದಪ್ಪ ಚೆಂಡುಹೂವನ್ನು ಹೀಗೆ ತೆಗೆದರೆ ಕರಿ ಉಂಡೆ ಬರುತ್ತದೆ ಅಷ್ಟೇ, ಬೆಳಕು ಅದನ್ನು ದಾಟುವುದಿಲ್ಲ. ಆಗ ನಿಮ್ಮ ಕಡೆಯಿಂದ ಥರ್ಮಾಕೋಲ್ ಹಿಡಿದು ಸ್ವಲ್ಪ ಬೆಳಕು ವಾಪಸ್ ಕೊಡಿ. ಲೆನ್ಸಿನ ಒಳಗೆ ನೇರ ಬಿಸಿಲು ಬಿದ್ದು ಫೋಟೊ ಬೆಳ್ಳಗೆ ಮಬ್ಬಾದರೆ ಅಂಗೈಯನ್ನು ಮೊಬೈಲಿನ ಮೇಲ್ತುದಿಯಲ್ಲಿ ಸೂರಿನಂತೆ ಅಡ್ಡ ಹಿಡಿಯಿರಿ.

ಎದುರು ಬೆಳಕಿಗೆ ಹಿನ್ನೆಲೆ ಕಪ್ಪಗಿರಬೇಕು. ಹಲಸಿನ ಮರದ ನೆರಳು, ಬಾವಿಕಟ್ಟೆಯ ಗೋಡೆ, ಏನೂ ಇಲ್ಲದಿದ್ದರೆ ಆ ಕಪ್ಪು ಛತ್ರಿಯನ್ನು ಬಿಚ್ಚಿ ಹೂವಿನಿಂದ ಮೂರು ನಾಲ್ಕು ಅಡಿ ಹಿಂದೆ ಇಡಿ. ಕಡ್ಡಿ ಕಾಣುವಷ್ಟು ಹತ್ತಿರ ಇಟ್ಟರೆ ಮಾತ್ರ ಛತ್ರಿ ಅಂತ ಗೊತ್ತಾಗಿಬಿಡುತ್ತದೆ. ನೀಲಿ ಬಕೆಟ್ಟು, ಒಣಗಿಸಿದ ಬಟ್ಟೆ, ಪೊರಕೆ ಇವನ್ನೆಲ್ಲ ಮೊದಲೇ ಸರಿಸಿ, ಆಮೇಲೆ ಫೋನಿನಲ್ಲಿ ಅಳಿಸುವುದಕ್ಕಿಂತ ಈಗ ಎತ್ತಿಡುವುದು ಸುಲಭ.

ಹನ್ನೊಂದರ ಬಿಸಿಲಿಗೇ ಬಿಡುವು ಸಿಕ್ಕಿತು ಅನ್ನುವವರು ಪಂಚೆ ತೆಗೆಯಿರಿ. ಇಬ್ಬರು ಎರಡು ತುದಿ ಹಿಡಿದು ಗಿಡದ ಮೇಲೆ ಚಪ್ಪರದಂತೆ ಚಾಚಿದರೆ ಕಡುಬಿಸಿಲು ಹಾಲಿನಂತಾಗಿ ಇಳಿಯುತ್ತದೆ. ಬಣ್ಣದ ಬೆಡ್‌ಶೀಟ್ ಬೇಡ, ಹೂವಿಗೂ ಅದೇ ಬಣ್ಣ ಬರುತ್ತದೆ. ಲಾಲ್‌ಬಾಗಿನ ಗಾಜಿನ ಮನೆಯ ಒಳಗೆ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದಲ್ಲಿ ಫೋಟೊಗಳು ಚೆನ್ನಾಗಿ ಬರುವುದೂ ಸುಮಾರಾಗಿ ಇದೇ ಕಾರಣಕ್ಕೆ, ಬೆಳಕು ಸೋಸಿಕೊಂಡು ಬರುತ್ತದೆ. ಅಲ್ಲಿ ತೊಂದರೆ ಬೆಳಕಿನದ್ದಲ್ಲ, ಜನರ ತಲೆಗಳದ್ದು. ಮೈಸೂರು ಅರಮನೆಯಲ್ಲಿ ಡಿಸೆಂಬರ್ ಕೊನೆಗೆ ನಡೆಯುವ ಹೂವಿನ ಪ್ರದರ್ಶನಕ್ಕೂ ವಾರದ ನಡುವೆ, ಬಾಗಿಲು ತೆಗೆದ ಕೂಡಲೇ ಹೋಗಿ.

5. ಮೊಬೈಲು, ಕ್ಯಾಮೆರಾ: ಮುಟ್ಟಬೇಕಾದ್ದು ನಾಲ್ಕೇ

ಮೊಬೈಲಿನಲ್ಲಿ ಹೂವಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಫೋಕಸ್ ಮತ್ತು ಬೆಳಕು ಎರಡೂ ಅಲ್ಲೇ ಲಾಕ್ ಆಗುತ್ತವೆ. ಆಮೇಲೆ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಹಳದಿ, ಕೇಸರಿ, ಕೆಂಪು ಹೂಗಳಿಗೆ ಇದು ಬಿಡುವ ಹಾಗಿಲ್ಲ. ಚೆಂಡುಹೂವಿನ ಫೋಟೊದಲ್ಲಿ ಎಸಳುಗಳೆಲ್ಲ ಕರಗಿ ಒಂದೇ ಕೇಸರಿ ಮುದ್ದೆಯಾಗಿದ್ದರೆ ಕೆಂಪು ಬಣ್ಣದ ಮಾಹಿತಿ ತುಂಬಿ ಚೆಲ್ಲಿಹೋಗಿದೆ ಅಂತ ಅರ್ಥ. ಅದನ್ನು ಆಮೇಲೆ ಯಾವ ಆ್ಯಪ್ ಕೂಡ ವಾಪಸ್ ತರುವುದಿಲ್ಲ. ಕ್ಯಾಮೆರಾದವರು ಎಕ್ಸ್‌ಪೋಷರ್ ಕಾಂಪನ್ಸೇಷನ್, ಅಂದರೆ ಫೋಟೊದ ಬೆಳಕು ಏರಿಸಿ ಇಳಿಸುವ ಪ್ಲಸ್ ಮೈನಸ್ ಗುಂಡಿಯನ್ನು ಮೈನಸ್ 0.7ಕ್ಕೆ ಇಟ್ಟು ನೋಡಿ.

ಬಿಳಿ ಸೇವಂತಿಗೆ ತಲೆ ಕೆಡಿಸುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಒಂದೇ ಬಿಳಿ ಹೂ ಇದ್ದರೆ ಕ್ಯಾಮೆರಾ ಕತ್ತಲೆ ಜಾಸ್ತಿ ಇದೆ ಅಂದುಕೊಂಡು ಹೂವನ್ನು ಸುಟ್ಟುಬಿಡುತ್ತದೆ, ಆಗ ಕಡಿಮೆ ಮಾಡಬೇಕು. ಫ್ರೇಮಿನ ತುಂಬ ಬಿಳಿ ಹೂಗಳೇ ಇದ್ದರೆ ಅದೇ ಕ್ಯಾಮೆರಾ ಅವನ್ನು ಬೂದಿ ಬಣ್ಣ ಮಾಡುತ್ತದೆ, ಆಗ ಪ್ಲಸ್ ಕಡೆಗೆ ಹೋಗಬೇಕು. ಕಂಠಪಾಠ ಮಾಡುವುದು ಬೇಡ, ತೆಗೆದ ತಕ್ಷಣ ದೊಡ್ಡದು ಮಾಡಿ ಎಸಳಿನ ಗೆರೆ ಕಾಣುತ್ತಿದೆಯೇ ನೋಡಿದರೆ ಸಾಕು.

ಮೂಗು ತಾಗುವಷ್ಟು ಹತ್ತಿರ ಹೋಗಬೇಡಿ. ಸ್ವಲ್ಪ ಹಿಂದೆ ಸರಿದು ಮೊಬೈಲಿನ ಎರಡು ಅಥವಾ ಮೂರು ಪಟ್ಟಿನ (2x, 3x) ಲೆನ್ಸ್ ಹಾಕಿ. ನಿಮ್ಮ ನೆರಳು ತಪ್ಪುತ್ತದೆ, ಹೂವಿನ ಆಕಾರ ಕೆಡುವುದಿಲ್ಲ, ಹಿಂದಿನದ್ದು ತಾನಾಗಿಯೇ ಮಸುಕಾಗುತ್ತದೆ. ಹಿನ್ನೆಲೆಯನ್ನು ಫೋನೇ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ನನಗೆ ಹಿಡಿಸುವುದಿಲ್ಲ, ಅದು ಎಸಳಿನ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮಾಡುತ್ತದೆ, ಕೇಸರಗಳನ್ನಂತೂ ನುಂಗಿಯೇಬಿಡುತ್ತದೆ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇರುವವರು ಅದರ ಬೆಳಕಿನ ಕಿಂಡಿಯನ್ನು ಪೂರ್ತಿ ತೆರೆದು ಎಫ್ 2.8ರಲ್ಲಿ ತೆಗೆಯುವ ಚಪಲ ಬಿಡಿ. ಅಷ್ಟು ಹತ್ತಿರದಲ್ಲಿ ಒಂದು ಕೇಸರದ ತುದಿ ಮಾತ್ರ ಸ್ಪಷ್ಟವಾಗಿ ಮಿಕ್ಕಿದ್ದೆಲ್ಲ ಹೊಗೆ. ಕಿಂಡಿ ಕಿರಿದು ಮಾಡಿ ಎಫ್ 8 ಇಡಿ.

ಗಾಳಿ ಇದ್ದರೆ ಶಟರ್ ವೇಗ 1/250ಕ್ಕಿಂತ ಕಡಿಮೆ ಬೇಡ, ಜಾಸ್ತಿ ಬೀಸುತ್ತಿದ್ದರೆ 1/500. ಅದಕ್ಕೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ 800ಕ್ಕೆ ಏರಿದರೂ ಹೆದರಬೇಡಿ. ಕೊನೆಯದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣದ ಹೊಂದಾಣಿಕೆ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಆ ಎಳೆಬಿಸಿಲಿನ ಹೊನ್ನಿನ ಬಣ್ಣವನ್ನೇ ತಪ್ಪು ಅಂದುಕೊಂಡು ತಿದ್ದುತ್ತದೆ, ಯಾವ ಬಣ್ಣಕ್ಕಾಗಿ ನಿದ್ದೆಗೆಟ್ಟು ಎದ್ದಿರೋ ಅದೇ ಹೋಗುತ್ತದೆ. ಬಿಸಿಲಿನ ಗುರುತು, ಅಂದರೆ ಸುಮಾರು 5500 ಕೆಲ್ವಿನ್‌ಗೆ ಕಟ್ಟಿಹಾಕಿ.

6. ಇಬ್ಬನಿ ಬೇಕೇ, ರಾತ್ರಿ ಆಕಾಶ ನೋಡಿ

ಮಲಗುವ ಮುನ್ನ ಒಮ್ಮೆ ಹೊರಗೆ ಬನ್ನಿ. ಮೋಡವಿಲ್ಲದೆ ನಕ್ಷತ್ರ ಚೆನ್ನಾಗಿ ಕಾಣುತ್ತಿವೆ, ಗಾಳಿ ಇಲ್ಲ ಅಂದರೆ ಅಲಾರಂ ಇಡಿ. ಹಗಲೆಲ್ಲ ಹೀರಿದ ಬಿಸಿಯನ್ನು ನೆಲ ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಬೆಳಗಿನ ಜಾವಕ್ಕೆ ಎಲೆ, ಎಸಳಿನ ಮೇಲೆ ಇಬ್ಬನಿ ಕೂರುತ್ತದೆ. ಕೆರೆ, ಗದ್ದೆಗಳ ಮೇಲೆ ಮಂಜೂ ಕಟ್ಟುತ್ತದೆ. ಮೋಡ ಕವಿದ ರಾತ್ರಿ ಕಂಬಳಿ ಹೊದಿಸಿದ ಹಾಗೆ, ಬಿಸಿ ಹೊರಗೆ ಹೋಗುವುದಿಲ್ಲ. ಅವತ್ತು ನೀವೂ ಕಂಬಳಿ ಹೊದ್ದು ಮಲಗಬಹುದು.

ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆದು ಇಬ್ಬನಿ ಅನ್ನುವವರಿದ್ದಾರೆ. ಗೊತ್ತಾಗುತ್ತದೆ ರೀ. ಅದು ದೊಡ್ಡ ದೊಡ್ಡ ಹನಿಯಾಗಿ ಒಂದಕ್ಕೊಂದು ಸೇರಿ ಜಾರುತ್ತದೆ, ನಿಜದ ಇಬ್ಬನಿ ಸಾಸಿವೆಗಿಂತ ಸಣ್ಣ ಹನಿಗಳಾಗಿ ಎಲೆಯ ಅಂಚಿಗೆಲ್ಲ ಮಣಿ ಪೋಣಿಸಿದಂತೆ ಕೂರುತ್ತದೆ. ಬೇಲಿಯ ಮೇಲಿನ ಜೇಡರ ಬಲೆ ನೋಡಲು ಇದೇ ಸಮಯ. ಸೂರ್ಯ ಎದುರಿಗೆ, ಹಿಂದೆ ಕತ್ತಲೆ, ಮೊಬೈಲು ಬಲೆಗೆ ಸಮಾನಾಂತರ. ಬಿಸಿಲು ಬಿದ್ದ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ.

7. ಹಿತ್ತಲು ದಾಟಿ ಊರಿಗೆ

ಮಂಜಿಗೆ ನನ್ನ ಮೊದಲ ಜಾಗ ಮೈಸೂರಿನ ಕುಕ್ಕರಹಳ್ಳಿ ಕೆರೆ, ಕುವೆಂಪು ನಡೆದಾಡುತ್ತಿದ್ದ ಕೆರೆ. ಸೂರ್ಯ ಆಗ್ನೇಯದಿಂದ ಬರುತ್ತಾನೆ, ಆದ್ದರಿಂದ ನೀರಿನ ಆಚೆ ದಡದಲ್ಲಿ ಸೂರ್ಯ ಎದ್ದು ಬರುವಂತೆ ಪಶ್ಚಿಮದ ಕಡೆಯ ದಡದಲ್ಲಿ ನಿಲ್ಲಿ. ಮಂಜಿನಲ್ಲಿ ಕ್ಯಾಮೆರಾ ಎಲ್ಲವನ್ನೂ ಮಂಕು ಮಾಡುತ್ತದೆ, ಪ್ಲಸ್ 0.7ರಿಂದ 1ರ ತನಕ ಏರಿಸಿ. ಆದರೆ ಸೂರ್ಯನೇ ಫ್ರೇಮಿನಲ್ಲಿದ್ದರೆ ಇದು ತಿರುಗುಮುರುಗು, ಸೂರ್ಯನ ಪಕ್ಕದ ಆಕಾಶವನ್ನು ಮುಟ್ಟಿ ಕಡಿಮೆ ಮಾಡಿ, ಮರಗಳು ಕಪ್ಪಾಗಲಿ ಬಿಡಿ. ಅಗಲದ ಲೆನ್ಸಿನಲ್ಲಿ ಕೆರೆ ಬರೀ ಖಾಲಿ ಕಾಣುತ್ತದೆ. ಜೂಮ್ ಹಾಕಿ ಒಂದು ಒಣಕೊಂಬೆ, ಅದರ ಮೇಲೆ ರೆಕ್ಕೆ ಒಣಗಿಸುತ್ತಾ ಕೂತ ನೀರುಕಾಗೆ, ಹಿಂದೆ ಮಸುಕಾದ ಮರಗಳ ಸಾಲು ಇಷ್ಟನ್ನೇ ಹಿಡಿಯಿರಿ.

ಮಂಡ್ಯದ ದಾರಿಯಲ್ಲಿ ಡಿಸೆಂಬರ್ ಅಂದರೆ ಭತ್ತದ ಕುಯ್ಲು, ಕಬ್ಬು, ಬೆಲ್ಲ ಮಾಡುವ ಆಲೆಮನೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದ, 1804ರ ವೆಲ್ಲೆಸ್ಲಿ ಸೇತುವೆ ಇದೆ. ಬರೀ ಕಲ್ಲುಕಂಬಗಳ ಸಾಲು. ಎಳೆಬಿಸಿಲು ಕಂಬಗಳ ಒಂದು ಮಗ್ಗುಲಿಗೆ ಬಿದ್ದಾಗ ಉಳಿಯ ಗುರುತೂ ಎದ್ದು ಕಾಣುತ್ತದೆ. ಸೇವಂತಿಗೆಗೆ ಹೇಳಿದ ಪಕ್ಕದ ಬೆಳಕೇ ಇಲ್ಲಿ ಕಲ್ಲಿಗೆ. ಮಧ್ಯಾಹ್ನ ಹೋದರೆ ಅದು ಸುಮ್ನೆ ಹಳೇ ಸೇತುವೆ. ಹೊಳೆಯಲ್ಲಿ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಫೋಟೊ ಆಸೆಗೆ ನೀರಿಗಿಳಿಯಬೇಡಿ.

ಆಲೆಮನೆಯ ಒಳಗೆ ಸಿಗುವ ಬೆಳಕು ಬೇರೆಲ್ಲೂ ಸಿಗುವುದಿಲ್ಲ. ಸೂರಿನ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿಯುತ್ತವೆ, ಕೊಪ್ಪರಿಗೆಯ ಆವಿ ಮತ್ತು ಒಲೆಯ ಹೊಗೆಯಲ್ಲಿ ಅವು ಮುಟ್ಟಿದರೆ ಸಿಗುವಷ್ಟು ಗಟ್ಟಿಯಾಗಿ ಕಾಣುತ್ತವೆ. ಬಿಸಿಲ ಕೋಲಿನ ಮೇಲೆ ಬೆರಳು ಒತ್ತಿ ಲಾಕ್ ಮಾಡಿ, ಮಿಕ್ಕಿದ್ದು ಕತ್ತಲಾಗಲಿ. ಬೆಳಕಿಗೆ ಎದುರಾಗಿ ನಿಂತರೆ ಮಾತ್ರ ಕೋಲು ಕಾಣುವುದು, ಬೆಳಕು ಬೆನ್ನಿಗಿದ್ದರೆ ಮಾಯ. ಹೋದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. "ಅಣ್ಣಾ, ಒಂದೆರಡು ಫೋಟೊ ತೆಗೀಲಾ" ಅಂತ ಕೇಳಿ, ಕೊಟ್ಟ ಕಬ್ಬಿನ ಹಾಲು ಕುಡಿಯಿರಿ, ಕೊಪ್ಪರಿಗೆಯಿಂದ ದೂರ ನಿಲ್ಲಿ. ಕುದಿಯುವ ಪಾಕ ಸಿಡಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಬೆಲ್ಲ ತೆಗೆಯುವವರ ದಾರಿಗೆ ಅಡ್ಡ ಬರುವುದೂ ತಪ್ಪು.

ಚಾಮುಂಡಿ ಬೆಟ್ಟದಿಂದ ಊರು ನೋಡುವವರಿಗೆ ಒಂದೇ ಮಾತು. ಅಲ್ಲಿಂದ ಮೈಸೂರು ಇರುವುದು ವಾಯವ್ಯದ ಕಡೆ, ಹಾಗಾಗಿ ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗೆ, ಊರು ಚಪ್ಪಟೆ. ಸಂಜೆ ನಾಲ್ಕೂವರೆಗೆ ಹೋಗಿ.

8. ಮನೆಗೆ ಬಂದ ಮೇಲೆ

ಇನ್ನೂರು ತೆಗೆದಿದ್ದರೆ ಹತ್ತು ಇಟ್ಟುಕೊಳ್ಳಿ. ಫೋಟೊ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಹೈಲೈಟ್ಸ್ (ಬೆಳಕಿನ ಭಾಗ) ಸ್ವಲ್ಪ ಇಳಿಸಿ, ಶ್ಯಾಡೋಸ್ (ನೆರಳಿನ ಭಾಗ) ಒಂಚೂರು ಏರಿಸಿ, ಅಂಚು ಕತ್ತರಿಸಿ. ಬಣ್ಣ ಗಾಢ ಮಾಡುವ ಸ್ಯಾಚುರೇಷನ್ ಮುಟ್ಟಬೇಡಿ, ಮಾಗಿಯ ಸೇವಂತಿಗೆಗೆ ನಾವು ಬಣ್ಣ ಹಾಕುವ ಅಗತ್ಯ ಇಲ್ಲ. ರಾ (RAW) ಫೈಲಿನಲ್ಲಿ, ಅಂದರೆ ಕ್ಯಾಮೆರಾ ಹಿಡಿದ ಮಾಹಿತಿಯನ್ನೆಲ್ಲ ಹಿಂಡದೆ ಉಳಿಸುವ ಫೈಲಿನಲ್ಲಿ ತೆಗೆದವರಿಗೆ ಮಂಜಿನ ಫೋಟೊಗಳಲ್ಲಿ ಇನ್ನಷ್ಟು ಆಟ ಆಡಲು ಜಾಗ ಇರುತ್ತದೆ.

ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಚಿಕ್ಕದು ಮಾಡಿ ಇಬ್ಬನಿಯೆಲ್ಲ ಒರೆಸಿಬಿಡುತ್ತದೆ. ಆಲೆಮನೆಯವರಿಗೆ ಕೊಡುತ್ತೇನೆ ಅಂದ ಫೋಟೊವನ್ನು ಪ್ರಿಂಟ್ ಹಾಕಿಸಿ, ಕುಯ್ಲು ಮುಗಿಯುವ ಮೊದಲು ತಲುಪಿಸಿ. ಬೆಲ್ಲದ ಗಾಣ ಎತ್ತಿದ ಮೇಲೆ ಹೋದರೆ ಅವರು ಅಲ್ಲಿ ಸಿಗುವುದಿಲ್ಲ.